ಸಂತೆ ದಿನದ ರೆಪ್ಪೆಗೂದಲು

ನಮ್ಮ ಮಾವನವರದು ಕಬ್ಬಿಣದ ಕೆಲಸ. ಕುಡುಗೋಲು, ಗುದ್ದಲಿ, ಕೊಡಲಿ, ಬಾಗಿಲ ಚಿಲಕ, ಯಾರು ಏನು ಕೇಳಿದರೂ ಮಾಡಿ ಕೊಡುತ್ತಿದ್ದರು. ಅವರು ಜೀವಮಾನದಲ್ಲಿ ಮಾಡಿದ ಎಲ್ಲಕ್ಕಿಂತ ಚಿಕ್ಕ ಸಾಮಾನು ಒಂದು ಚಿಮಟ. ಕೆಟ್ಟುಹೋದ ಗೋಡೆ ಗಡಿಯಾರದ ಸ್ಪ್ರಿಂಗನ್ನು ಕಾಯಿಸಿ, ಮಡಿಸಿ, ತುದಿಗಳನ್ನು ಅರದಿಂದ ಉಜ್ಜಿ ಉಜ್ಜಿ ಮಾಡಿದ್ದು. ಎರಡು ತುದಿ ಕೂಡಿಸಿ ಬಿಸಿಲಿಗೆ ಹಿಡಿದರೆ ನಡುವೆ ಬೆಳಕಿನ ಗೆರೆಯೂ ಹಾಯಬಾರದು. ಆಗಲೇ ಅದು ಸಣ್ಣ ಕೂದಲನ್ನು ಹಿಡಿಯುತ್ತದೆ. ಅದನ್ನು ಅವರು ಮಾರುವುದಕ್ಕೆ ಮಾಡಿದ್ದಲ್ಲ, ಹೆಂಡತಿಯ ಕಣ್ಣಿಗೆಂದು ಮಾಡಿದ್ದು.

ಅತ್ತೆಯ ರೆಪ್ಪೆಗೂದಲು ಒಳಮುಖವಾಗಿ ಬೆಳೆಯುತ್ತಿತ್ತು. ಆ ಕಾಲದಲ್ಲಿ ಇದು ನಮ್ಮ ಕಡೆ ಮನೆಗೊಬ್ಬರಿಗೆ ಇದ್ದ ಕಾಯಿಲೆ. ಚಿಕ್ಕಂದಿನಲ್ಲಿ ಕಣ್ಣು ಕೆಂಪಾಗುತ್ತದೆ, ಗೀಜು ಕಟ್ಟುತ್ತದೆ, ವಾಸಿಯಾಗುತ್ತದೆ, ಮತ್ತೆ ಬರುತ್ತದೆ. ಹತ್ತಾರು ಸಲ ಬಂದು ಹೋಗುವಷ್ಟರಲ್ಲಿ ರೆಪ್ಪೆಯ ಒಳಗೆ ಗಾಯದ ಕಲೆ ಉಳಿದು, ವಯಸ್ಸಾಗುತ್ತಾ ರೆಪ್ಪೆ ಸುಟ್ಟ ಚರ್ಮದ ಹಾಗೆ ಒಳಕ್ಕೆ ಮುದುಡುತ್ತದೆ. ಆಮೇಲೆ ಕಣ್ಣು ಮಿಟುಕಿಸಿದಾಗೆಲ್ಲ ಕೂದಲು ಕಣ್ಣುಗುಡ್ಡೆಯನ್ನೇ ಗೀಚುತ್ತದೆ. ಹೆಂಗಸರಿಗೇ ಹೆಚ್ಚು. ಮಕ್ಕಳ ಕಣ್ಣು ಒರೆಸಿದ ಬಟ್ಟೆಯಲ್ಲೇ ತಮ್ಮ ಮುಖ ಒರೆಸಿಕೊಳ್ಳುವವರು ಅವರೇ ತಾನೆ.

“ಕಣ್ಣಿಗೆ ಮರಳು ಬಿದ್ದ ಹಾಗಲ್ಲ ಇದು, ಮರಳಿನ ಮೇಲೆ ಕಣ್ಣು ಬಿದ್ದ ಹಾಗೆ” ಎನ್ನುತ್ತಿದ್ದರು ಅತ್ತೆ.

ನಾನು ಸೊಸೆಯಾಗಿ ಬರುವ ಹೊತ್ತಿಗೇ ಅವರ ಎಡಗಣ್ಣು ಬೆಳ್ಳಗಾಗಿ ಹೋಗಿತ್ತು. ಉಳಿದದ್ದು ಬಲಗಣ್ಣು. ಆ ಒಂದು ಕಣ್ಣನ್ನು ಮಾವನವರು ವಾರಕ್ಕೊಮ್ಮೆ ಕೂದಲು ಕಿತ್ತು ಕಿತ್ತು ಕಾಪಾಡಿಕೊಂಡು ಬಂದಿದ್ದರು. ಕಬ್ಬಿಣ ಬಡಿಯುವ ಅಡಿಗಲ್ಲಿನ ಹಾಗಿದ್ದ ಆ ಕೈಯಲ್ಲಿ ಅಷ್ಟು ಸಣ್ಣ ಕೆಲಸ ಹೇಗೆ ಸಾಗುತ್ತಿತ್ತೋ. ನಾನು ಬಂದ ಮೂರನೆಯ ವರ್ಷ ಅವರು ತೀರಿಕೊಂಡರು.

ಅಷ್ಟು ಹೊತ್ತಿಗೆ ನನಗೂ ಅತ್ತೆಗೂ ಅಷ್ಟಕ್ಕಷ್ಟೆ. ಅವರ ನಾಲಿಗೆ ಕೊಡಲಿಗಿಂತ ಹರಿತ. ನನ್ನ ಕೈಯಿಂದ ತಪ್ಪಲೆ ಜಾರಿ ಬಿದ್ದರೆ, “ದೇವರು ನಿಂಗೆ ಎರಡು ಕೈ ಎರಡು ಕಾಲು ಕೊಡೋ ಬದಲು ನಾಲ್ಕೂ ಕಾಲೇ ಕೊಟ್ಟಿರ್ಬೇಕು” ಎನ್ನುತ್ತಿದ್ದರು. ಎದುರು ಮನೆಯ ಹಿಟ್ಟಿನ ಗಿರಣಿಯವಳನ್ನು ನಾವೆಲ್ಲ ಗಿರಣಿ ಅಕ್ಕ ಎಂದು ಕರೆಯುತ್ತಿದ್ದೆವು. ಮಾವನವರು ಹೋದ ಮೇಲೆ ಅವಳೇ ಬಂದು, “ನಾನು ಕಿತ್ತು ಕೊಡ್ತೀನಿ ಬಿಡಿ” ಎಂದಳು.

“ನಿನ್ನ ಕೈಲಿ ಹಿಟ್ಟೇ ಚೀಲದೊಳಗೆ ನಿಲ್ಲಲ್ಲ. ಇರೋದೊಂದು ಕಣ್ಣು ಕೊಡ್ಲಾ?” ಎಂದರು ಅತ್ತೆ.

ತಿಂಗಳಾಯಿತು. ಕಣ್ಣು ಕೆಂಡದಂತಾಯಿತು. ಒಂದು ಬೆಳಿಗ್ಗೆ ನಾನು ಕುಲುಮೆಯ ಮುಂದೆ ಕಸ ಗುಡಿಸುತ್ತಿದ್ದಾಗ ಬಂದು, ಪೊರಕೆ ಕಿತ್ತುಕೊಂಡು, ಚಿಮಟವನ್ನು ನನ್ನ ಅಂಗೈಯಲ್ಲಿಟ್ಟರು.

“ಕೂತ್ಕೋ.”

ಕೂತೆ. ಕುಲುಮೆಯ ಬಾಗಿಲ ಮುಂದೆ ಒಂದು ಚಪ್ಪಟೆ ಕಲ್ಲಿತ್ತು, ಬೆಳಗಿನ ಬಿಸಿಲು ಮೊದಲು ಬೀಳುವ ಜಾಗ. ಅತ್ತೆ ನೆಲದ ಮೇಲೆ ಚೀಲ ಹಾಸಿ, ತಲೆಯನ್ನು ನನ್ನ ತೊಡೆಯ ಮೇಲಿಟ್ಟು, ಒಂದು ಕೈಯಲ್ಲಿ ನನ್ನ ಮೊಣಕಾಲು ಹಿಡಿದುಕೊಂಡು ಮಲಗಿದರು. ಅಲ್ಲಿಯವರೆಗೆ ಅವರ ಉಗುರು ಕೂಡ ನನಗೆ ತಾಗಿರಲಿಲ್ಲ. ಮೊದಲನೆಯ ಕೂದಲನ್ನು ಹಿಡಿದು ಜಗ್ಗಿಬಿಟ್ಟೆ. ಅದು ಮಧ್ಯಕ್ಕೇ ಮುರಿಯಿತು.

“ಎಳೀಬೇಡ” ಎಂದರು, ಕಣ್ಣು ಮುಚ್ಚಿಕೊಂಡೇ. “ಬೇರಿನ ಹತ್ರ ಹಿಡಿ. ಅದು ಯಾವ ಕಡೆ ಹೊರಟಿದೆಯೋ ಆ ಕಡೆಗೇ ಕರ್ಕೊಂಡು ಬಾ. ಮುರಿದ್ರೆ ಕೂದಲು ಹೋಗಿ ಮೊಳೆ ಆಗುತ್ತೆ, ತಿಳ್ಕೋ.”

ಹಾಗೆ ನಾನು ಕಲಿತೆ. ಸಂತೆಯ ದಿನ ನಮ್ಮ ಮನೆಯವರು ಗುದ್ದಲಿ, ಕುಡುಗೋಲುಗಳ ಗಂಟು ಹೊತ್ತು ಹೋಗುತ್ತಿದ್ದರು, ಕುಲುಮೆ ತಣ್ಣಗಿರುತ್ತಿತ್ತು. ಸುತ್ತಿಗೆಯ ಪೆಟ್ಟಿಲ್ಲ, ಹೊಗೆಯಿಲ್ಲ, ಕೈ ಅದುರುವುದಿಲ್ಲ. ಆವತ್ತೇ ನಮ್ಮ ಕೆಲಸ. ಕಿತ್ತ ಕೂದಲನ್ನು ಎಡಗೈಯ ಹಿಂಬದಿಗೆ ಅಂಟಿಸಿಕೊಳ್ಳುತ್ತಿದ್ದೆ. ಒಂದೊಂದು ಬೇರು ಸಹಿತ ಬಂದಾಗಲೂ ಅತ್ತೆಯ ಕೈ ನನ್ನ ಮೊಣಕಾಲನ್ನು ಒಮ್ಮೆ ಅದುಮುತ್ತಿತ್ತು. ಬಾಯಿಂದ ಅಯ್ಯೋ ಎಂದವರಲ್ಲ. ಕೊನೆಗೆ ಕೇಳುತ್ತಿದ್ದರು:

“ಎಷ್ಟು?”

“ಏಳು.”

“ಹೋದ ವಾರ ಒಂಬತ್ತು. ಪರವಾಗಿಲ್ಲ, ಸೋಮಾರಿ ಆಗ್ತಾ ಇವೆ.”

ಆ ಒಂದು ಗಂಟೆಯಲ್ಲಿ ಅವರು ಬೇರೆಯೇ ಹೆಂಗಸಾಗಿಬಿಡುತ್ತಿದ್ದರು. ಕಣ್ಣು ಮುಚ್ಚಿದರೆ ನಾಲಿಗೆಯ ಹರಿತವೂ ಮುಚ್ಚಿಹೋಗುತ್ತಿತ್ತೇನೋ. ಹುಡುಗಿಯಾಗಿದ್ದಾಗಿನ ಕಥೆ, ಅವರ ಅಕ್ಕನ ಕಥೆ, ಮಾವನವರು ಮದುವೆಯಾದ ಹೊಸದರಲ್ಲಿ ಹೆದರಿಕೊಂಡು ಇವರ ಜೊತೆ ಹದಿನೈದು ದಿನ ಮಾತಾಡದೆ ಇದ್ದ ಕಥೆ. ಒಂದಿತ್ತು, ಸರ್ಕಸ್ಸಿನ ಕಥೆ. ಅಕ್ಕತಂಗಿಯರಿಬ್ಬರೂ ಮನೆಯಲ್ಲಿ ಹೇಳದೆ ಮೂರು ಹರದಾರಿ ನಡೆದು ಸರ್ಕಸ್ ನೋಡಲು ಹೋದದ್ದು. ಅದನ್ನು ಎಷ್ಟು ಸಲ ಶುರು ಮಾಡಿದ್ದರೋ. ಡೇರೆಯ ಹತ್ತಿರ ತಲುಪುವಷ್ಟರಲ್ಲಿ ಕೂದಲು ಮುಗಿಯುತ್ತಿತ್ತು, ಅವರು ಎದ್ದು ಕೂತು ಬೆನ್ನು ಕೊಡವಿಕೊಂಡು, “ಒಲೆ ಮೇಲೆ ಏನಿಟ್ಟಿದ್ದೀಯ, ಸೀದ ವಾಸನೆ ಬರ್ತಿದೆ” ಎನ್ನುತ್ತಿದ್ದರು. ಮತ್ತೆ ಮುಂದಿನ ಸಂತೆಯವರೆಗೆ ಕೊಡಲಿಯೇ.

ನಾನೂ ಹೇಳುತ್ತಿದ್ದೆ. ನನ್ನ ತವರಿನ ಮಾತು, ಗಂಡನ ಮೇಲಿನ ದೂರು. ಹೆತ್ತ ಮಗನ ಮೇಲಿನ ದೂರನ್ನು ಅಷ್ಟು ಆಸಕ್ತಿಯಿಂದ ಕೇಳುವ ತಾಯಿಯನ್ನು ನಾನು ಬೇರೆ ಎಲ್ಲೂ ಕಾಣಲಿಲ್ಲ.

ಇಪ್ಪತ್ತು ವರ್ಷ ಹೀಗೆ ನಡೆಯಿತು. ನನ್ನ ಮಕ್ಕಳು ಬೆಳೆದರು, ನನ್ನ ಕೂದಲಲ್ಲಿ ಬೆಳ್ಳಿ ಇಣುಕಿತು, ಅತ್ತೆ ಮಾತ್ರ ನನ್ನನ್ನು “ಏ ಹುಡುಗಿ” ಎಂದೇ ಕರೆಯುತ್ತಿದ್ದರು.

ನನಗೆ ನಲವತ್ತೈದರ ಆಸುಪಾಸು ಇರಬೇಕು, ಸೂಜಿಗೆ ದಾರ ಪೋಣಿಸುವುದು ಕಷ್ಟವಾಗತೊಡಗಿತು. ಕಾಳಿನಲ್ಲಿ ಕಲ್ಲು ಉಳಿಯತೊಡಗಿತು. ದೂರದ ಗುಡ್ಡದ ಮೇಲಿನ ಮೇಕೆಗಳನ್ನು ಎಣಿಸಬಲ್ಲೆ, ಕೈಯಲ್ಲಿರುವುದು ಮಂಜು. ನನಗೂ ಅತ್ತೆಯ ಕಾಯಿಲೆಯೇ ಶುರುವಾಯಿತು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅತ್ತೆಯ ಕಣ್ಣಿಗೆ ಗತಿ ಯಾರು?

ಅತ್ತೆಯ ಮುಖದಿಂದ ತಲೆ ಹಿಂದಕ್ಕೆ ಎಳೆದುಕೊಂಡು ನೋಡುತ್ತಿದ್ದೆ. ಅದೂ ಸಾಲದಾಯಿತು. ಬೆರಳ ತುದಿಯಿಂದ ರೆಪ್ಪೆಯ ಅಂಚನ್ನು ಮುಟ್ಟಿ, ಚುಚ್ಚಿದ ಕಡೆ ಚಿಮಟ ಇಟ್ಟು ಹಿಡಿಯುತ್ತಿದ್ದೆ. ಕೆಲವು ಬರುತ್ತಿದ್ದವು, ಕೆಲವು ಜಾರುತ್ತಿದ್ದವು. ಚಿಮಟದ ತುದಿ ಸವೆದಿದೆ ಎಂದು ನಮ್ಮ ಮನೆಯವರಿಗೆ ಕೊಟ್ಟೆ. ಅವರು ಅಪ್ಪನ ಹಾಗೆಯೇ ಬಿಸಿಲಿಗೆ ಹಿಡಿದು ನೋಡಿದರು.

“ಕೂದಲೆಳೆಯಷ್ಟೂ ಬೆಳಕು ಹಾಯ್ತಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಅಂತೆ.”

“ನಿಮಗೇನು ಗೊತ್ತು, ಉಜ್ಜಿ ಕೊಡಿ” ಎಂದೆ. ಪಾಪ, ಉಜ್ಜಿ ಕೊಟ್ಟರು. ಮುಂದಿನ ವಾರ ಮತ್ತೆ ಕೊಟ್ಟೆ.

ಒಂದೇ ಸಮಾಧಾನವೆಂದರೆ, ನನ್ನ ಕೈ ಹದಕ್ಕೆ ಬಂದಿದೆ ಅನ್ನಿಸುತ್ತಿತ್ತು. ಅತ್ತೆಯ ಕೈ ಮೊಣಕಾಲನ್ನು ಅದುಮುವುದು ಕಡಿಮೆಯಾಗಿತ್ತು. ಹಗುರವಾಗಿ ಕೀಳುತ್ತಿದ್ದೇನೆ, ನೋವೇ ಆಗುತ್ತಿಲ್ಲ ಎಂದು ಒಳಗೊಳಗೇ ಹೆಮ್ಮೆ. ಕೊನೆಗೆ ಅವರು “ಎಷ್ಟು?” ಎಂದರೆ, ಕೈ ಹಿಂದೆ ಏನು ಅಂಟಿದೆಯೆಂದು ನೆಟ್ಟಗೆ ಕಾಣದಿದ್ದರೂ, “ಆರು” ಎಂದುಬಿಡುತ್ತಿದ್ದೆ. ಅವರು “ಹೂಂ” ಎನ್ನುತ್ತಿದ್ದರು. ಕಣ್ಣಿನಿಂದ ನೀರು ಸೋರುವುದು ಮಾತ್ರ ಹೆಚ್ಚುತ್ತಾ ಹೋಯಿತು. ನೀರಿನ ಬಿಂದಿಗೆ ಎಲ್ಲಿದೆ ಎಂದು ಕೈಯಾಡಿಸಿ ಹುಡುಕತೊಡಗಿದರು.

ಎರಡು ವರ್ಷ ಹೀಗೇ ಸಾಗಿದ ಮೇಲೆ, ಶಾಲೆಯಲ್ಲಿ ಕಣ್ಣು ನೋಡುತ್ತಾರೆಂದು ಗಿರಣಿ ಅಕ್ಕ ಸುದ್ದಿ ತಂದಳು. ಅತ್ತೆಯ ಕೈ ಹಿಡಿದು ಕರೆದುಕೊಂಡು ಹೋದೆ. ಒಂದನೇ ತರಗತಿಯ ಕೋಣೆ. ಪುಟ್ಟ ಬೆಂಚುಗಳ ಮೇಲೆ ಊರಿನ ಮುದುಕಿಯರೆಲ್ಲ ಮಕ್ಕಳ ಹಾಗೆ ಸಾಲಾಗಿ ಕೂತಿದ್ದರು. ಕಣ್ಣು ನೋಡುವ ನರ್ಸಮ್ಮ ಚಿಕ್ಕ ವಯಸ್ಸಿನವಳು, ಆದರೆ ಮಾತು ಹೆಡ್‌ಮಾಸ್ತರರದು. ಹಣೆಗೆ ಭೂತಗನ್ನಡಿ ಕಟ್ಟಿಕೊಂಡು, ಟಾರ್ಚ್ ಹಿಡಿದು ಅತ್ತೆಯ ರೆಪ್ಪೆ ಎತ್ತಿ ನೋಡಿದವಳು ಟಾರ್ಚನ್ನು ಇನ್ನೂ ಹತ್ತಿರಕ್ಕೆ ತಂದಳು.

“ಅಜ್ಜಿ, ಇಲ್ಲಿ ಹತ್ತು ಹನ್ನೆರಡು ಮೋಟು ಕೂದಲಿವೆ. ಎಲ್ಲ ಮಧ್ಯಕ್ಕೆ ಮುರಿದಿರೋವು. ಗರಗಸದ ಹಲ್ಲಿನ ಹಾಗೆ ಕಣ್ಣು ಕುಯ್ತಿವೆ. ಯಾರು ಕೀಳೋದು ಇದನ್ನ?”

ನಾನು ಏನಾದರೂ ಹೇಳುವ ಮೊದಲೇ ಅತ್ತೆ ಹೇಳಿದರು:

“ನಾನೇ. ನಾನೇ ಕಿತ್ಕೊಳ್ಳೋದು.”

“ಕಾಣದೆ ಕೀಳ್ತೀರಾ? ನಿಮ್ಮ ಕಣ್ಣಿಗೆ ನೀವೇ ಶತ್ರು ಆದ್ರಲ್ಲ ಅಜ್ಜಿ!”

“ಹೌದು ತಾಯಿ, ಬುದ್ಧಿ ಇಲ್ಲ ನಂಗೆ” ಎಂದರು ಅತ್ತೆ. ಆ ಬಾಯಿಂದ ಅಂಥ ಮಾತು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ನರ್ಸಮ್ಮ ಬಿಡಿಸಿ ಹೇಳಿದಳು. ಕಪ್ಪುಗುಡ್ಡೆಯ ಮೇಲೆ ಆಗಲೇ ಬಿಳಿ ಗೀರು ಬಿದ್ದಿದೆ. ಹೋದ ನೋಟ ಪೂರ್ತಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು. ಮುಂದಿನ ವಾರ ಕಣ್ಣಿನ ಡಾಕ್ಟರು ಬಂದು ಇದೇ ಕೋಣೆಯಲ್ಲಿ ಆಪರೇಷನ್ ಮಾಡುತ್ತಾರೆ. ರೆಪ್ಪೆ ಮರಗಟ್ಟುವ ಹಾಗೆ ಸೂಜಿ ಹಾಕಿ, ಅಂಚನ್ನು ಹೊರಕ್ಕೆ ತಿರುಗಿಸಿ ಹೊಲಿಯುತ್ತಾರೆ, ಅರ್ಧ ಗಂಟೆಯ ಕೆಲಸ. ಬಿಟ್ಟರೆ ಈ ಕಣ್ಣೂ ಆ ಕಣ್ಣಿನ ದಾರಿ ಹಿಡಿಯುತ್ತದೆ.

“ಬೇಡ” ಎಂದರು ಅತ್ತೆ.

“ಯಾಕೆ ಅಜ್ಜಿ? ಭಯನಾ?”

“ಭಯ ಯಾಕೆ? ಬೇಡ, ಅಷ್ಟೆ.”

ನರ್ಸಮ್ಮ ತಲೆ ಚಚ್ಚಿಕೊಂಡು, ಒಂದು ಮುಲಾಮಿನ ಟ್ಯೂಬು ಕೊಟ್ಟು, ನನ್ನ ಕಡೆ ತಿರುಗಿದಳು. ನನಗೂ ಈ ಕಾಯಿಲೆ ಬಂದಿದೆ ಎಂದು ಮೆಲ್ಲಗೆ ಹೇಳಿದೆ. ರೆಪ್ಪೆ ಮಗುಚಿ ನೋಡಿ, ಒಂದು ಕಾಗದ ಓದಿಸಲು ಹೋಗಿ, ನನಗೆ ಓದು ಅಷ್ಟಾಗಿ ಬಾರದೆಂದು ತಿಳಿದು ದಾರ ಸೂಜಿ ಕೊಟ್ಟಳು. ನಾನು ಪೋಣಿಸಲಾಗದೆ ಒದ್ದಾಡುವುದನ್ನು ಕಂಡು ನಕ್ಕುಬಿಟ್ಟಳು.

“ನಿಮಗೆ ಬಂದಿರೋದು ವಯಸ್ಸು, ಕಾಯಿಲೆ ಅಲ್ಲ! ಎರಡು ವರ್ಷದ ಹಿಂದೇನೇ ಕನ್ನಡಕ ಹಾಕ್ಬೇಕಿತ್ತು.”

ಒಂದು ಡಬ್ಬಿಯಿಂದ ಕನ್ನಡಕ ತೆಗೆದು ಮೂಗಿನ ಮೇಲೆ ಕೂರಿಸಿದಳು. ಸೂಜಿಯ ಕಣ್ಣು ಬಾಗಿಲಿನಷ್ಟು ದೊಡ್ಡದಾಗಿ ಕಂಡಿತು.

ಮನೆಯ ದಾರಿಯಲ್ಲಿ, ಗಿರಣಿಯ ಸದ್ದು ಕೇಳಿಸುವಷ್ಟು ಹತ್ತಿರ ಬಂದಾಗ ನಾನು ನಿಂತುಬಿಟ್ಟೆ.

“ಅತ್ತೆ, ಮುರಿದಿದ್ದು ನಾನು.”

“ಗೊತ್ತು.”

“ಗೊತ್ತಾ?”

“ಬೇರು ಬಂದ್ರೆ ನೋವಾಗುತ್ತೆ. ಎರಡು ವರ್ಷ ಆಯ್ತು, ನಂಗೆ ನೋವೇ ಆಗಿಲ್ಲ.”

ಅವರ ಕೈ ಮೊಣಕಾಲನ್ನು ಅದುಮದೆ ಇದ್ದದ್ದಕ್ಕೆ ನಾನು ಹೆಮ್ಮೆಪಟ್ಟುಕೊಂಡಿದ್ದೆನಲ್ಲ! ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಹೇಳ್ಬಾರ್ದಿತ್ತಾ ಅತ್ತೆ?”

“ಹೇಳಿದ್ರೆ ನೀನು ಬಿಟ್ಬಿಡ್ತಿದ್ದೆ. ಆಮೇಲೆ ಆ ಹಿಟ್ಟಿನ ಕೈಗೆ ಕಣ್ಣು ಕೊಡ್ಬೇಕಿತ್ತು. ನಡಿ, ಬಿಸಿಲು.”

ಎರಡು ದಿನಕ್ಕೆ ಸಂತೆ ಬಂತು. ಬೆಳಿಗ್ಗೆ ನಾನು ಹೊರಗೆ ಬರುವಷ್ಟರಲ್ಲಿ ಅತ್ತೆ ಚೀಲ ಹಾಸಿಕೊಂಡು ಕಲ್ಲಿನ ಹತ್ತಿರ ಕೂತಿದ್ದರು, ಕೈಯಲ್ಲಿ ಚಿಮಟ.

“ಕನ್ನಡಕ ಬಂತಲ್ಲ. ಇನ್ನೇನು, ಮೊದಲಿನ ಹಾಗೆ ಕೀಳು. ಆಪರೇಷನ್ನೂ ಬೇಡ, ಗೀಪರೇಷನ್ನೂ ಬೇಡ.”

ಕೂತೆ. ಅವರ ತಲೆ ತೊಡೆಯ ಮೇಲೆ ಬಂತು. ಕನ್ನಡಕ ಹಾಕಿ ಬಗ್ಗಿದೆ. ಎರಡು ವರ್ಷದಿಂದ ನಾನು ನೋಡಿಯೇ ಇಲ್ಲದ ಕಣ್ಣು ಅದು. ರೆಪ್ಪೆಯ ಅಂಚಿನಲ್ಲಿ, ಕೊಯ್ಲು ಮುಗಿದ ಹೊಲದ ಕೂಳೆಯ ಹಾಗೆ, ನಾನು ಮುರಿದಿಟ್ಟ ಮೋಟುಗಳು. ಕಪ್ಪುಗುಡ್ಡೆಯ ಮೇಲೆ ಉಗುರಿನಿಂದ ಎಳೆದ ಹಾಗೆ ಬಿಳಿ ಗೀರು. ಕೀಳಲು ಹಿಡಿತಕ್ಕೂ ಸಿಗದಷ್ಟು ಮೋಟು ಅವು. ಸಿಕ್ಕರೂ, ಮತ್ತೆ ಬೆಳೆದು ಮತ್ತೆ ಚುಚ್ಚುವಂಥವು. ನನ್ನ ಕಣ್ಣಿಂದ ಒಂದು ಹನಿ ಅವರ ಹಣೆಯ ಮೇಲೆ ಬಿತ್ತು.

“ಏನೇ, ಸೋರ್ತಾ ಇರೋದು ನಿನ್ನ ಕಣ್ಣಾ ನನ್ನ ಕಣ್ಣಾ?”

ಚಿಮಟ ಪಕ್ಕಕ್ಕಿಟ್ಟೆ. “ನಾನು ಇನ್ನು ಕೀಳಲ್ಲ ಅತ್ತೆ.”

ಅವರು ಎದ್ದು ಕೂತರು. “ಏನಂದೆ?”

“ಕೀಳಲ್ಲ. ಆಪರೇಷನ್ ಮಾಡಿಸ್ಕೊಳ್ಳಿ.”

ಇಪ್ಪತ್ತೈದು ವರ್ಷದಲ್ಲಿ ನಾನು ಅವರಿಗೆ ಎದುರಾಡಿದ್ದು ಅದೇ ಮೊದಲು. ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ಚೀಲ ಮಡಿಸಿ, ಗೋಡೆ ಹಿಡಿದುಕೊಂಡು ಒಳಗೆ ಹೋದರು. ಅವರು ಬೈಯದೆ ಇದ್ದದ್ದೇ ನನಗೆ ಹೆದರಿಕೆ ಹುಟ್ಟಿಸಿತು.

ಎರಡು ದಿನ ಮನೆಯಲ್ಲಿ ಸೂಜಿ ಬಿದ್ದರೂ ಕೇಳಿಸುವಂತಿತ್ತು. ನಮ್ಮ ಮನೆಯವರು ಇಬ್ಬರ ಮುಖವನ್ನೂ ನೋಡಿ, ಕೆಲಸವಿಲ್ಲದಿದ್ದರೂ ಕುಲುಮೆಗೆ ಹೋಗಿ ತಿದಿ ಒತ್ತುತ್ತಾ ಕೂತರು. ಮುಲಾಮು ಹಚ್ಚುವುದನ್ನು ಮಾತ್ರ ನಾನು ಬಿಡಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಂದು ನರ್ಸಮ್ಮ ಹೇಳಿದ್ದಳು. ಅತ್ತೆ ಮಾತಾಡದೆ ಮುಖ ಎತ್ತಿ ಕೊಡುತ್ತಿದ್ದರು, ನಾನು ಮಾತಾಡದೆ ಹಚ್ಚುತ್ತಿದ್ದೆ.

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ, ಮುಲಾಮು ಹಚ್ಚಿ ಏಳುವಾಗ ಅವರು ನನ್ನ ಮುಂಗೈ ಹಿಡಿದರು.

“ಡಾಕ್ಟರು ರೆಪ್ಪೆ ತಿರುಗಿಸಿ ಹೊಲೀತಾರೆ. ಕೂದಲು ಹೊರಗೆ ಹೋಗುತ್ತೆ. ಸರಿ. ಕೀಳೋದಕ್ಕೆ ಏನೂ ಇರಲ್ಲ. ಅಲ್ವಾ?”

“ಹೌದು ಅತ್ತೆ.”

“ಕೀಳೋದಕ್ಕೆ ಏನೂ ಇಲ್ಲ ಅಂದ್ಮೇಲೆ ನಾನ್ಯಾಕೆ ಬಂದು ಮಲಗ್ಲಿ? ನೀನ್ಯಾಕೆ ಕೂತ್ಕೋತೀಯ?”

ನಾನು ಅವರ ಮುಖ ನೋಡಿದೆ. ಅವರು ಗೋಡೆಯ ಕಡೆ ನೋಡುತ್ತಿದ್ದರು. ಇಷ್ಟು ಸಣ್ಣ ಮಾತಿಗೆ ಒಂದು ಕಣ್ಣನ್ನೇ ಪಣಕ್ಕಿಟ್ಟಿದ್ದಾರಲ್ಲ ಈ ಹೆಂಗಸು ಎಂದು ಸಿಟ್ಟೂ ಬಂತು, ಪಾಪವೂ ಅನ್ನಿಸಿತು. ಕೈಯಲ್ಲಿದ್ದ ಟ್ಯೂಬು ಕಂಡಿತು.

“ಆಪರೇಷನ್ ಆದ್ಮೇಲೆ ಇದನ್ನ ಆರು ವಾರ ಹಾಕ್ಬೇಕಂತೆ” ಎಂದೆ.

“ವಾರಕ್ಕೊಂದ್ಸಲ?”

“ದಿನಕ್ಕೆ ಎರಡು ಸಲ.”

ಅತ್ತೆ ಬೆರಳು ಮಡಿಸಿ ಎಣಿಸತೊಡಗಿದರು. ಎರಡು ಕೈಯ ಬೆರಳೂ ಮುಗಿದವು.

“ತುಂಬಾ ಆಯ್ತಲ್ಲ.”

“ಎಂಬತ್ತು ದಾಟುತ್ತೆ.”

“ಯಾರು ಹಾಕೋದು?”

“ಗಿರಣಿ ಅಕ್ಕನ್ನ ಕರೀಲಾ?”

“ಬಾಯಿ ಮುಚ್ಚು.” ಮಡಿಸಿದ ಬೆರಳು ಬಿಡಿಸಿ, “ಆರು ವಾರ ಆದ್ಮೇಲೆ?”

“ಆಮೇಲೂ ಸಂತೆ ದಿನ ಇದ್ದೇ ಇರುತ್ತಲ್ಲ ಅತ್ತೆ. ಕಲ್ಲೂ ಇರುತ್ತೆ, ಬಿಸಿಲೂ ಇರುತ್ತೆ. ಕಣ್ಣು ಹೇಗಿದೆ ಅಂತ ನೋಡೋರು ಬೇಡ್ವಾ?”

ಮಧ್ಯಾಹ್ನ ಅವರು ಪೆಟ್ಟಿಗೆಯಿಂದ ಒಗೆದ ಬಟ್ಟೆ ತೆಗೆದು ಮಡಿಸಿಡುತ್ತಿದ್ದರು. “ಶಾಲೆಗೆ ಹೋಗೋವಾಗ ಹರಕಲು ಉಟ್ಕೊಂಡು ಹೋಗಕ್ಕಾಗುತ್ತಾ?” ಎಂದರು, ನಾನು ಕೇಳದಿದ್ದರೂ.

ಆಪರೇಷನ್ ಆಗುವಾಗ ನನ್ನನ್ನು ಒಳಗೆ ಬಿಡಲಿಲ್ಲ. ಕಿಟಕಿಯ ಹೊರಗೆ ನಿಂತಿದ್ದೆ. ಮೇಜುಗಳನ್ನು ಜೋಡಿಸಿ ಮಾಡಿದ ಮಂಚದ ಮೇಲೆ ಅತ್ತೆ ಮಲಗಿದ್ದರು. ಅವರ ಕೈ ಏನನ್ನೋ ಹುಡುಕುತ್ತಾ ಹೋಗಿ ಮೇಜಿನ ಅಂಚನ್ನು ಹಿಡಿಯಿತು, ನನ್ನ ಮೊಣಕಾಲನ್ನು ಹಿಡಿಯುವ ಹಾಗೆ. ಮುಗಿಯುವವರೆಗೂ ಬಿಡಲಿಲ್ಲ.

ಮಾರನೆಯ ದಿನ ನರ್ಸಮ್ಮ ಪಟ್ಟಿ ಬಿಚ್ಚಿದಳು. ರೆಪ್ಪೆ ಊದಿಕೊಂಡಿತ್ತು, ಅಂಚಿನಲ್ಲಿ ಕರಿದಾರದ ಹೊಲಿಗೆ. ಅತ್ತೆ ಒಂದು ಸಲ ಕಣ್ಣು ಮಿಟುಕಿಸಿದರು. ಒಂದು ಕ್ಷಣ ಕಾದರು. ಇನ್ನೊಂದು ಸಲ ಮಿಟುಕಿಸಿದರು.

“ಗೀಚ್ತಾ ಇಲ್ಲ” ಎಂದರು, ಯಾರೋ ಮೋಸ ಮಾಡಿದ್ದಾರೇನೋ ಎನ್ನುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದರು. “ಅಯ್ಯೋ, ಇಷ್ಟು ಮುದುಕಿ ಆಗ್ಬಿಟ್ಟಿದ್ದೀಯಾ? ನಾನಿನ್ನೂ ಹುಡುಗಿ, ಹುಡುಗಿ ಅಂತಿದ್ನಲ್ಲ!”

ನರ್ಸಮ್ಮ ನಕ್ಕಳು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, ಮನೆಯವರೆಲ್ಲ ದಿನಾ ಮುಖ ತೊಳೆಯಬೇಕು, ಮುಖ ಒರೆಸಲು ಒಬ್ಬೊಬ್ಬರಿಗೆ ಒಂದೊಂದು ಬಟ್ಟೆ ಇರಬೇಕು ಎಂದು ಹೇಳಿದಳು. ಆ ದಿನದಿಂದ ನಮ್ಮ ಮನೆಯ ಹಗ್ಗದ ಮೇಲೆ ಸಾಲಾಗಿ ಬಟ್ಟೆಗಳು ಒಣಗತೊಡಗಿದವು. ಗಿರಣಿ ಅಕ್ಕ ನೋಡಿ, “ಏನು, ಸೈನ್ಯ ಬಂದು ಇಳಿದಿದೆಯಾ?” ಎಂದಳು. ಆಮೇಲೆ ಅವಳ ಹಗ್ಗದ ಮೇಲೂ ಬಂದವು.

ಆರು ವಾರ ಕಳೆಯಿತು. ಟ್ಯೂಬುಗಳು ಖಾಲಿಯಾದವು. ಅದರ ಮಾರನೆಯ ದಿನವೇ ಸಂತೆ. ನಮ್ಮ ಮನೆಯವರು ಗಂಟು ಹೊತ್ತು ಹೋದ ಮೇಲೆ ನಾನು ಕನ್ನಡಕ ಹಾಕಿಕೊಂಡು ಕಲ್ಲಿನ ಮೇಲೆ ಹೋಗಿ ಕೂತೆ. ಕರೆಯಲಿಲ್ಲ. ಅತ್ತೆ ಬಾಗಿಲಲ್ಲಿ ಎರಡು ಸಲ ಬಂದು, ಆಕಾಶ ನೋಡಿ, ಒಳಗೆ ಹೋದರು. ಮೂರನೆಯ ಸಲ ಚೀಲ ಹಿಡಿದುಕೊಂಡು ಬಂದರು. ಹಾಸಿದರು. ತಲೆ ತೊಡೆಯ ಮೇಲಿಟ್ಟು ಮೊಣಕಾಲು ಹಿಡಿದುಕೊಂಡರು.

ಬಗ್ಗಿ ನೋಡಿದೆ. ರೆಪ್ಪೆಗೂದಲು ಅಷ್ಟೂ ಹೊರಮುಖವಾಗಿ, ಮಗುವಿನ ರೆಪ್ಪೆಯ ಹಾಗೆ ಬಾಗಿ ನಿಂತಿತ್ತು.

“ಎಷ್ಟು?” ಎಂದರು.

“ಒಂದೂ ಇಲ್ಲ ಅತ್ತೆ.”

“ಅವಸರ ಮಾಡ್ಬೇಡ. ಸರಿಯಾಗಿ ನೋಡು.”

ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡೆ. “ನೋಡ್ತಾ ಇದ್ದೀನಿ.”

ಅವರು ಕಣ್ಣು ಮುಚ್ಚಿದರು. ಬಿಸಿಲು ಕಲ್ಲಿನಿಂದ ಇಳಿದು ಅವರ ಪಾದದ ತನಕ ಬಂದಿತ್ತು.

“ಆ ಸರ್ಕಸ್ಸಿಗೆ ಹೋದ್ವಿ ಅಂದಿದ್ನಲ್ಲ, ನಾನೂ ನಮ್ಮಕ್ಕನೂ. ಡೇರೆ ಹತ್ರ ಬಂದ್ವಿ. ಟಿಕೆಟ್ಟಿಗೆ ದುಡ್ಡಿಲ್ಲ. ಹಿಂದಿನಿಂದ ಹೋಗಿ ಬಟ್ಟೆ ಎತ್ತಿ ನುಸುಳಿದ್ವಿ. ನುಸುಳಿ ತಲೆ ಎತ್ತಿ ನೋಡಿದ್ರೆ, ಎಲ್ಲಿದ್ವಿ ಹೇಳು?”

“ಎಲ್ಲಿ?”

“ಆನೆ ಕಾಲ ಸಂದಿ” ಎಂದರು ಅತ್ತೆ. ನಗು ತಡೆಯಲಾರದೆ ಅವರ ಕೈ ನನ್ನ ಮೊಣಕಾಲನ್ನು ಗಟ್ಟಿಯಾಗಿ ಅದುಮಿತು.